ಮಿಂಚುವ ಹಳೇ ಜೀಪಿಗೆ ಮುಂಗಡ ಕೊಡುವ ಮೊದಲು

ಪ್ರಶ್ನೆ: ನಾನು ಪಾಂಡವಪುರ ಕಡೆಯವನು. ಕಬ್ಬು, ತೆಂಗು ಇದೆ. ಚಿಕ್ಕಂದಿನಿಂದ ಜೀಪ್ ಹುಚ್ಚು. ಹಳೇ ಜೀಪ್‌ಗಳನ್ನು ಪೂರ್ತಿ ಬಿಚ್ಚಿ, ಹೊಸದರಂತೆ ಮಾಡಿ ಮಾರುವ ಒಬ್ಬರು ಮೈಸೂರಿನ ಹೊರವಲಯದಲ್ಲಿದ್ದಾರೆ. ಅವರ ಹತ್ತಿರ 1991ರ ಮಹೀಂದ್ರ ಎಂಎಂ 540 ನೋಡಿ ಬಂದೆ. ಕೊಡಗಿನ ಎಸ್ಟೇಟ್ ಗಾಡಿಯಂತೆ, ಕೆಎ-12 ನಂಬರ್. ಮಿಲಿಟರಿ ಹಸಿರು ಬಣ್ಣ, ಅಗಲ ಟೈರ್, ಪವರ್ ಸ್ಟೀರಿಂಗ್. ‘ಡಿಐ ಇಂಜಿನ್ ಕೂರಿಸಿದ್ದೇವೆ, ಒಳ್ಳೇ ಪಿಕಪ್’ ಅಂದರು. ಏಳೂವರೆ ಲಕ್ಷ ಹೇಳುತ್ತಾರೆ, ಎರಡು ಲಕ್ಷ ಮುಂಗಡ ಕೇಳುತ್ತಿದ್ದಾರೆ. ಆರ್‌ಸಿ ಇನ್ನು ಕೆಲವೇ ತಿಂಗಳಲ್ಲಿ, 2026ರಲ್ಲಿ ಮುಗಿಯುತ್ತದೆ. ರಿನ್ಯೂವಲ್ ಸುಲಭ, ನೀವೇ ಮಾಡಿಸಿಕೊಳ್ಳಿ ಅಂತಾರೆ. ಅಪ್ಪ ‘ಆ ದುಡ್ಡಿಗೆ ಟ್ರ್ಯಾಕ್ಟರ್ ಬರುತ್ತೆ’ ಅಂತ ಮುಖ ತಿರುಗಿಸಿದ್ದಾರೆ. ಏನೇನು ನೋಡಿ ತಗೋಬೇಕು?

ಉತ್ತರ: ಮುಂಗಡ ಈಗಲೇ ಬೇಡ. ನಿಮ್ಮ ಪತ್ರದಲ್ಲಿ ಬಣ್ಣ, ಟೈರ್, ಪಿಕಪ್ ಎಲ್ಲಕ್ಕಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ‘ರಿನ್ಯೂವಲ್ ನೀವೇ ಮಾಡಿಸಿಕೊಳ್ಳಿ’ ಎಂಬ ಮಾತು. ಅದು ಅಷ್ಟು ಸುಲಭವಾಗಿದ್ದರೆ ಅವರೇ ಮಾಡಿಸುತ್ತಿದ್ದರು. ಇನ್ನೂ ಐದು ವರ್ಷ ಆರ್‌ಸಿ ಇದೆ ಅಂತ ಹೇಳಿ ಅದಕ್ಕೂ ಒಂದಿಷ್ಟು ಜಾಸ್ತಿ ಕೇಳುತ್ತಿದ್ದರು, ಅಲ್ವಾ?

ರಿನ್ಯೂವಲ್ ಅಂದರೆ ಫೀಸು ಕಟ್ಟಿ ಸೀಲು ಹಾಕಿಸುವುದಲ್ಲ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. 1991ರ ಗಾಡಿ 2006ರಲ್ಲಿ, 2011ರಲ್ಲಿ, 2016ರಲ್ಲಿ, 2021ರಲ್ಲಿ ಆರ್‌ಟಿಒ ಕಚೇರಿ ನೋಡಿ ಬಂದಿರಬೇಕು. ಪ್ರತಿ ಸಲವೂ ಗಾಡಿಯನ್ನು ಒಯ್ದು ಇನ್‌ಸ್ಪೆಕ್ಟರ್ ಮುಂದೆ ನಿಲ್ಲಿಸಬೇಕು. ನಮ್ಮ ಕಡೆ ಬ್ರೇಕ್ ಇನ್‌ಸ್ಪೆಕ್ಟರ್ ಅಂತೀವಲ್ಲ, ಅವರೇ. ಅವರು ಚಾಸಿ (ಗಾಡಿ ಕೂತಿರುವ ಕಬ್ಬಿಣದ ಚೌಕಟ್ಟು) ನಂಬರ್, ಇಂಜಿನ್ ನಂಬರ್ ನೋಡುತ್ತಾರೆ. ಬಣ್ಣ, ಇಂಧನ, ಸೀಟು, ಬಾಡಿ ಆರ್‌ಸಿಯಲ್ಲಿ ಬರೆದಂತೆ ಇದೆಯಾ ಅಂತ ತಾಳೆ ಹಾಕುತ್ತಾರೆ. 2021ರಲ್ಲಿ ಈ ಜೀಪು ಎಸ್ಟೇಟಿನ ಸಾದಾ ಗಾಡಿಯಾಗಿ ಪಾಸಾಗಿರಬಹುದು. ಈಗ ಮೈಸೂರಿನಲ್ಲಿ ಅದಕ್ಕೆ ಬೇರೆ ವೇಷ ಹಾಕಿದ್ದಾರೆ. ಈ ವೇಷದಲ್ಲಿ ಅದಿನ್ನೂ ಯಾವ ಇನ್‌ಸ್ಪೆಕ್ಟರ್ ಕಣ್ಣಿಗೂ ಬಿದ್ದಿಲ್ಲ.

ಮೊದಲು ಇಂಜಿನ್ ವಿಷಯ. ಮಹೀಂದ್ರ ಕಂಪನಿ 1979ರಲ್ಲಿ ಫ್ರಾನ್ಸಿನ ಪ್ಯೂಜೊ ಜೊತೆ ಒಪ್ಪಂದ ಮಾಡಿಕೊಂಡು ಎಕ್ಸ್‌ಡಿಪಿ 4.90 ಎಂಬ ಡೀಸೆಲ್ ಇಂಜಿನ್ ತಂದಿತು. ನಾಲ್ಕು ಸಿಲಿಂಡರ್, ಒಟ್ಟು 2112 ಸಿಸಿ. ಎಂಎಂ 540 ಹೆಸರು ಮಾಡಿದ್ದು ಈ ಇಂಜಿನ್‌ನಿಂದಲೇ. ನಿಮಗೆ ತೋರಿಸಿದ ಡಿಐ (ಡೈರೆಕ್ಟ್ ಇಂಜೆಕ್ಷನ್) ಇಂಜಿನ್ ಮಹೀಂದ್ರ ನಂತರ ತಂದದ್ದು, 2523 ಸಿಸಿ. ಓಡಿಸಲು ಅದು ಒಳ್ಳೆಯದೇ, ಬಿಡಿಭಾಗ ಸಿಗುವುದೂ ಸುಲಭ. ಆದರೆ ಆರ್‌ಸಿಯಲ್ಲಿ ಸಿಸಿ ಬರೆದಿರುತ್ತದೆ, ಇಂಜಿನ್ ನಂಬರ್ ಬರೆದಿರುತ್ತದೆ. ಇಂಜಿನ್ ಬದಲಿಸಿದರೆ ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಬರೆಸಿದ್ದಾರಾ? ಇಲ್ಲದಿದ್ದರೆ ಆ ಒಳ್ಳೇ ಪಿಕಪ್ಪೇ ನಾಳೆ ನಿಮ್ಮ ತಲೆನೋವು. ಅಪಘಾತವಾದರೆ ವಿಮೆ ಕಂಪನಿಗೂ ತಕರಾರು ತೆಗೆಯಲು ಇಷ್ಟು ಸಾಕು.

ಇನ್ನು ಬಣ್ಣ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆಲಿವ್ ಹಸಿರು ಬಣ್ಣ ಸೇನೆಯ ವಾಹನಗಳಿಗೆ ಮಾತ್ರ. ಜೀಪ್ ಪ್ರಿಯರಿಗೆಲ್ಲ ಇಷ್ಟವಾಗುವ ಬಣ್ಣ ಅದೇ, ರಸ್ತೆಯಲ್ಲಿ ಬೇಕಾದಷ್ಟು ಓಡಾಡುತ್ತಲೂ ಇವೆ. ಆದರೆ ಇನ್‌ಸ್ಪೆಕ್ಟರ್ ಮುಂದೆ ನಿಂತಾಗ ‘ಎಲ್ರೂ ಹಾಕ್ಸಿದಾರೆ ಸಾರ್’ ಅಂದರೆ ನಡೆಯುವುದಿಲ್ಲ. ಬೇರೆ ಬಣ್ಣವಾದರೂ ಆರ್‌ಸಿಯಲ್ಲಿರುವ ಬಣ್ಣಕ್ಕೆ ಹೊಂದಬೇಕು, ಇಲ್ಲವೇ ಬದಲಾವಣೆ ಬರೆಸಬೇಕು. ಕಂಪನಿ ತಯಾರಿಸಿದ ರೂಪವನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಗಟ್ಟಿಯಾಗಿ ಹೇಳಿತು. ಆಮೇಲಿಂದ ಇನ್‌ಸ್ಪೆಕ್ಟರ್‌ಗಳು ಕಂಡೂ ಕಾಣದಂತೆ ಸಹಿ ಹಾಕುವುದು ಕಡಿಮೆಯಾಗಿದೆ.

ಹಾಗಾಗಿ ಮಾರುವವರಿಗೆ ಒಂದೇ ಮಾತು ಹೇಳಿ: ‘ಈಗ ಹೇಗಿದೆಯೋ ಹಾಗೇ ಆರ್‌ಟಿಒಗೆ ತೋರಿಸಿ, ರಿನ್ಯೂವಲ್ ಮಾಡಿಸಿ ಕೊಡಿ. ಆಗ ತಗೋತೀನಿ.’ ಅವರು ಒಪ್ಪಿದರೆ ಕಾಗದದ ವಿಷಯದಲ್ಲಿ ನಿಮ್ಮ ಅರ್ಧ ಕೆಲಸ ಮುಗಿಯಿತು. ಇನ್‌ಸ್ಪೆಕ್ಟರ್ ನಿಮ್ಮ ಪರವಾಗಿ ಪುಕ್ಕಟೆ ಪರೀಕ್ಷೆ ಮಾಡಿಕೊಟ್ಟಂತಾಯಿತು. ಒಪ್ಪದಿದ್ದರೆ ಯಾಕೆ ಅಂತ ನಿಮಗೂ ಗೊತ್ತು, ಅವರಿಗೂ ಗೊತ್ತು. ಒಂದು ವಿಷಯ ಗಮನದಲ್ಲಿರಲಿ. ಅವಧಿ ಮುಗಿಯುವ 60 ದಿನಕ್ಕಿಂತ ಮೊದಲೇ ನವೀಕರಣದ ಅರ್ಜಿ ಹಾಕಲು ಆಗುವುದಿಲ್ಲ. ಅವರು ‘ಇನ್ನೂ ಟೈಮ್ ಬಂದಿಲ್ಲ’ ಅಂದರೆ ಅದು ನಿಜವೂ ಇರಬಹುದು. ಆಗ ಕಾಯಿರಿ. ಇಪ್ಪತ್ತು ವರ್ಷ ದಾಟಿದ ಕಾರು-ಜೀಪ್‌ಗಳ ನವೀಕರಣದ ಫೀಸನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 5,000ದಿಂದ 10,000 ರೂಪಾಯಿಗೆ ಏರಿಸಿದೆ. ಅದರ ಮೇಲೆ ರಾಜ್ಯದ ಹಸಿರು ತೆರಿಗೆ ಬೇರೆ. ಇದನ್ನು ಯಾರು ಕಟ್ಟಬೇಕು ಅಂತಲೂ ಮೊದಲೇ ಮಾತಾಡಿಕೊಳ್ಳಿ.

‘ಗಾಡಿ ನಮ್ಮ ಹೆಸರಲ್ಲಿಲ್ಲ, ನಾವು ಹೇಗೆ ಮಾಡಿಸೋದು?’ ಅಂತ ಕೇಳಬಹುದು. ಅದಕ್ಕೂ ದಾರಿ ಇದೆ. ಹಳೇ ವಾಹನ ಮಾರುವವರು ಆರ್‌ಟಿಒದಲ್ಲಿ ಅಧಿಕೃತ ಡೀಲರ್ ಅಂತ ನೋಂದಾಯಿಸಿಕೊಳ್ಳುವ ನಿಯಮ 2023ರ ಏಪ್ರಿಲ್‌ನಿಂದ ಇದೆ. ಹಾಗೆ ನೋಂದಾಯಿಸಿಕೊಂಡವರಿಗೆ ಮಾಲೀಕ ಗಾಡಿ ಒಪ್ಪಿಸುವಾಗ ಆನ್‌ಲೈನಿನಲ್ಲಿ ಫಾರಂ 29-ಸಿ ತುಂಬುತ್ತಾನೆ. ಅಲ್ಲಿಂದ ಆ ಗಾಡಿಯ ಹೊಣೆ ಡೀಲರದು. ಆರ್‌ಸಿ ನವೀಕರಣ, ಎನ್‌ಒಸಿ (ನಿರಾಕ್ಷೇಪಣಾ ಪತ್ರ), ವರ್ಗಾವಣೆಗೆ ಅವರೇ ಅರ್ಜಿ ಹಾಕಬಹುದು. ನಿಮ್ಮ ಮಾರಾಟಗಾರರನ್ನು ‘ಡೀಲರ್ ಸರ್ಟಿಫಿಕೇಟ್ ಇದೆಯಾ?’ ಅಂತ ಕೇಳಿ. ಬಹಳಷ್ಟು ಗ್ಯಾರೇಜುಗಳ ಹತ್ತಿರ ಇರುವುದಿಲ್ಲ. ಇಲ್ಲ ಅಂದ ಮಾತ್ರಕ್ಕೆ ಕಳ್ಳರಲ್ಲ. ಆದರೆ ಆಗ ನಿಮ್ಮ ವ್ಯವಹಾರ ಕೊಡಗಿನ ಆ ಮಾಲೀಕರ ಜೊತೆ ಅಂತ ತಿಳಿಯಿರಿ. ಅವರನ್ನು ಒಮ್ಮೆ ನೋಡಿ, ಇಲ್ಲವೇ ಫೋನಿನಲ್ಲಾದರೂ ಮಾತಾಡಿ.

ಎಸ್ಟೇಟ್ ಗಾಡಿಗಳಲ್ಲಿ ಇನ್ನೊಂದು ತೊಡಕು ಉಂಟು. ಆರ್‌ಸಿ ಇನ್ನೂ ತಾತನ ಹೆಸರಲ್ಲೇ ಇರುತ್ತದೆ, ತಾತ ತೀರಿಕೊಂಡು ಎಷ್ಟೋ ವರ್ಷವಾಗಿರುತ್ತದೆ. ವರ್ಗಾವಣೆಗೆ ಸಹಿ ಹಾಕಿದ ಫಾರಂ 29, 30 ಮಾತ್ರ ಗ್ಯಾರೇಜಿನ ಡ್ರಾಯರಿನಲ್ಲಿ ಸಿದ್ಧವಾಗಿರುತ್ತದೆ! ಹಾಗಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರಂ 31ರಲ್ಲಿ ವರ್ಗಾವಣೆ ಆಗಬೇಕು, ಆಮೇಲೆ ನಿಮಗೆ. ಹಳೇ ಸಾಲದ ಹೈಪಾಥಿಕೇಷನ್ (ಗಾಡಿ ಅಡವಿರುವ ನಮೂದು) ಉಳಿದಿದೆಯಾ, ದಂಡ ಬಾಕಿ ಇದೆಯಾ ಅನ್ನುವುದನ್ನು ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ಹಳೇ ಪುಸ್ತಕದ ಆರ್‌ಸಿಯ ವಿವರ ಕಂಪ್ಯೂಟರಿಗೆ ಏರಿಯೇ ಇಲ್ಲದಿದ್ದರೆ ಅದನ್ನೂ ಮಾರುವವರೇ ಸರಿಮಾಡಿಸಿ ಕೊಡಲಿ.

ಕೆಎ ನಂಬರ್ ಆಗಿರುವುದು ನಿಮ್ಮ ಪುಣ್ಯ. ಪಂಜಾಬ್-ಹರಿಯಾಣ ಗಡಿಯ ಮಂಡಿ ಡಬ್ವಾಲಿಯಿಂದ ಲಾರಿಯಲ್ಲಿ ಬರುವ ಜೀಪುಗಳದ್ದು ಬೇರೆಯೇ ಕಥೆ. ಎನ್‌ಒಸಿ ತರಿಸಬೇಕು, ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಬೇಕು, ಹೊಸ ನಂಬರ್ ಹಾಕಿಸಬೇಕು. ಎಷ್ಟೋ ಸಲ ಅವುಗಳ ಬಾಡಿ ಅಲ್ಲೇ ಹೊಸ ಶೀಟಿನಲ್ಲಿ ಮಾಡಿದ್ದು, ಆರ್‌ಸಿ ಮಾತ್ರ ಯಾವುದೋ ಗುಜರಿಗೆ ಹೋದ ಗಾಡಿಯದ್ದು. ಯಾರಾದರೂ ‘ಲೋ ಬಾನೆಟ್, ಯುದ್ಧಕಾಲದ ಅಸಲಿ ವಿಲ್ಲೀಸ್’ (ಎರಡನೇ ಮಹಾಯುದ್ಧದ ಅಮೆರಿಕನ್ ಜೀಪು) ಅಂದರೆ ಮುಂದಿನ ಗ್ರಿಲ್‌ನ ಸೀಳು ಎಣಿಸಿ. ಯುದ್ಧಕಾಲದ ಒತ್ತು-ತಗಡಿನ ಗ್ರಿಲ್‌ಗೆ ಒಂಬತ್ತು ಸೀಳು, ಆಮೇಲಿನ ಸಿವಿಲ್ ಜೀಪುಗಳಿಗೆ ಏಳು. ಗ್ರಿಲ್ ಕೂಡ ಹೊಸದು ಸಿಗುತ್ತದೆ, ಹಾಗಾಗಿ ಒಂಬತ್ತು ಇದ್ದ ಮಾತ್ರಕ್ಕೆ ನಂಬಬೇಡಿ. ಏಳಿದ್ದರೆ ಮಾತ್ರ ಅಲ್ಲೇ ಮಾತು ಮುಗಿಸಿ.

ಕಾಗದ ಸರಿ ಬಂತು ಅನ್ನಿ. ಈಗ ಗಾಡಿ.

ನಾನು ಮೊದಲು ಬಗ್ಗಿ ನೋಡುವುದು ಚಾಸಿ. ಇಂಜಿನ್ ಕೆಟ್ಟರೆ ಬನ್ನಿಮಂಟಪದ ಕಡೆ ಯಾವುದಾದರೂ ಗ್ಯಾರೇಜಿನಲ್ಲಿ ಇಳಿಸಿ ಮಾಡಿಸಬಹುದು. ಚಾಸಿ ಕೊಳೆತಿದ್ದರೆ ಮಾಡಿಸುವುದಕ್ಕೆ ಏನೂ ಉಳಿಯುವುದಿಲ್ಲ. ಕೊಡಗಿನ ಗಾಡಿ ಅಂದಿರಿ. ಅಲ್ಲಿನ ಮಳೆ, ಕೆಸರು ಒಂದು ಕಡೆ. ಎಸ್ಟೇಟ್ ಜೀಪು ಯೂರಿಯಾ, ಪೊಟ್ಯಾಷ್ ಮೂಟೆ ಹೊತ್ತಿರುತ್ತದೆ. ಗೊಬ್ಬರದ ಉಪ್ಪು ನೆಲದ ತಗಡಿನ ಸಂದಿಗಿಳಿದು ಕೂತರೆ ಕಬ್ಬಿಣವನ್ನು ಒಳಗಿಂದಲೇ ತಿನ್ನುತ್ತದೆ. ಮರದ ದಿಮ್ಮಿ ಎಳೆದ ಗಾಡಿಯಾದರೆ ಹಿಂದಿನ ಕ್ರಾಸ್ ಮೆಂಬರ್ (ಚಾಸಿಯ ಅಡ್ಡಪಟ್ಟಿ) ಬಿರಿದಿರುತ್ತದೆ. ಕೆಳಗೆಲ್ಲ ದಪ್ಪಗೆ ಕಪ್ಪು ಅಂಡರ್‌ಕೋಟ್ ಬಳಿದಿದ್ದರೆ ಖುಷಿಪಡಬೇಡಿ. ಅದರಡಿ ವೆಲ್ಡಿಂಗ್ ಪಟ್ಟಿ ಇದ್ದರೆ ಕಣ್ಣಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆ ತಗೊಂಡು ಹೋಗಿ. ಕಮಾನ್ ಪ್ಲೇಟಿನ ಎರಡು ತುದಿ ಚಾಸಿಗೆ ಸೇರುವ ಜಾಗ, ಸ್ಟೀರಿಂಗ್ ಬಾಕ್ಸ್ ಕೂತಿರುವ ಜಾಗ, ಬಾಡಿ ಬೋಲ್ಟುಗಳ ಸುತ್ತ ಮೆಲ್ಲಗೆ ತಟ್ಟಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಕೊಳೆತದ್ದು ದಬ್ ಅನ್ನುತ್ತದೆ. ಬೇಡ ಅಂತ ಅವರು ತಡೆದರೆ ಅದೂ ಒಂದು ಉತ್ತರವೇ.

ಚಾಸಿ ನಂಬರನ್ನು ಹುಡುಕಿ, ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ. ಅಕ್ಷರಗಳ ಸಾಲು ನೇರ ಇದೆಯಾ? ಆಳ ಒಂದೇ ಸಮ ಇದೆಯಾ? ಸುತ್ತ ಗ್ರೈಂಡರ್ ಗೀರು ಇದ್ದರೆ ಅಲ್ಲಿಂದಲೇ ಎದ್ದು ಬನ್ನಿ. ಆಮೇಲೆ ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ಅಳೆಯಿರಿ, ಎರಡೂ ಕಡೆ. ಎರಡು ಅಳತೆ ಬೇರೆ ಬಂದರೆ ಚಾಸಿ ತಿರುಚಿದೆ, ಇಲ್ಲವೇ ಆ್ಯಕ್ಸಲ್ ಜರುಗಿದೆ. ಆರ್‌ಸಿಯಲ್ಲೂ ಈ ಅಳತೆ (ವ್ಹೀಲ್‌ಬೇಸ್) ಬರೆದಿರುತ್ತದೆ, ಅದಕ್ಕೂ ಹೋಲಿಸಿ. ಮಹೀಂದ್ರದ ಉದ್ದದ ಕಮಾಂಡರ್ ಗಾಡಿಯ ಚಾಸಿ ಕತ್ತರಿಸಿ ಗಿಡ್ಡ ಜೀಪು ಮಾಡುವವರು ಇದ್ದಾರೆ. ನೋಡಲು ಮುದ್ದಾಗಿರುತ್ತದೆ. ಓಡಿಸಬಾರದು.

ಬಾಡಿಗೆ ಬಟ್ಟೆ ಸುತ್ತಿದ ಆಯಸ್ಕಾಂತ ಸಾಕು. ಪುಟ್ಟಿ ದಪ್ಪ ಇರುವ ಕಡೆ ಅಂಟುವುದಿಲ್ಲ. ಹೊಸ ಶೀಟ್ ಹಾಕಿ ಟಿಂಕರಿಂಗ್ ಮಾಡಿದ್ದರೆ ತಪ್ಪೇನಿಲ್ಲ, ಆಕಾರ ಹಳೆಯದೇ ಇದ್ದರೆ ಸರಿ.

ಓಡಿಸಿ ನೋಡಲು ಬೆಳಗ್ಗೆ ಬೇಗ ಹೋಗಿ. ‘ಸ್ಟಾರ್ಟ್ ಮಾಡಿ ಇಡಬೇಡಿ’ ಅಂತ ಹಿಂದಿನ ದಿನವೇ ಹೇಳಿ. ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ತಣ್ಣನೆಯ ಡೀಸೆಲ್ ಇಂಜಿನ್ ಶುರುವಿನಲ್ಲಿ ಒಂಚೂರು ಬಿಳಿ ಹೊಗೆ ಬಿಟ್ಟು ನಿಲ್ಲಿಸಿದರೆ ಚಿಂತೆ ಇಲ್ಲ. ನೀಲಿ ಹೊಗೆ ನಿಲ್ಲದಿದ್ದರೆ ಇಂಜಿನ್ ಆಯಿಲ್ ಕುಡಿಯುತ್ತಿದೆ. ಐಡಲ್‌ನಲ್ಲಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು ನೋಡಿ. ಬುಸುಬುಸು ಗಾಳಿ ಹೊಡೆದರೆ ಪಿಸ್ಟನ್ ರಿಂಗ್ ಸವೆದಿದೆ. ಫುಲ್ ಓವರ್‌ಹಾಲ್ ಆಗಿದೆ ಅಂತ ಅವರು ಎಷ್ಟೇ ಹೇಳಲಿ.

ನಮಗೆ ಮೈಸೂರಿನವರಿಗೆ ದೇವರೇ ಕೊಟ್ಟ ಪರೀಕ್ಷೆಯ ರಸ್ತೆ ಚಾಮುಂಡಿ ಬೆಟ್ಟ. ಊರಿನಿಂದ ಸುಮಾರು ಮುನ್ನೂರು ಮೀಟರ್ ಮೇಲಕ್ಕೆ ಏರಬೇಕು, ತಿರುವುಗಳೂ ಇವೆ. ಜೊತೆಗೆ ನಾಲ್ಕು ಜನರನ್ನು ಕೂರಿಸಿಕೊಂಡು ಹತ್ತಿಸಿ. ಟೆಂಪರೇಚರ್ ಮುಳ್ಳು ನಡುವೆ ನಿಂತರೆ ರೇಡಿಯೇಟರ್ ಸರಿ ಇದೆ. ಮೇಲೆ ನಿಲ್ಲಿಸಿ, ಬಿಸಿ ಇಂಜಿನ್ ಐಡಲ್‌ನಲ್ಲಿರುವಾಗ ಆಯಿಲ್ ಪ್ರೆಷರ್ ನೋಡಿ. ನಿಜವಾದ ಮಜಾ ಇಳಿಯುವಾಗ. ಎರಡನೇ ಗಿಯರ್‌ಗೆ ಹಾಕಿ ಆ್ಯಕ್ಸಲರೇಟರ್ ಪೂರ್ತಿ ಬಿಡಿ. ಹಳೇ ಜೀಪುಗಳಲ್ಲಿ ಸವೆದ ಗಿಯರ್ ಬಾಕ್ಸ್ ಆಗಲೇ ‘ಟಕ್’ ಅಂತ ಗಿಯರ್ ಉಗಿಯುವುದು. ಹೈ-ಲೋ ಕಡ್ಡಿಯೂ (ಎಳೆತ ಹೆಚ್ಚು-ಕಡಿಮೆ ಮಾಡುವ ಇನ್ನೊಂದು ಕಡ್ಡಿ) ಹಾಗೇ ಹಾರಬಹುದು. ಹುಷಾರಾಗಿ, ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಮಾಡಿ. ಈ ಕಾಲದ ಜೀಪಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಒತ್ತಿದಾಗ ಗಾಡಿ ಒಂದು ಕಡೆ ಎಳೆಯುತ್ತದಾ ನೋಡಿ.

ಫೋರ್ ವ್ಹೀಲ್ ಪರೀಕ್ಷೆ ಮಾತ್ರ ಟಾರ್ ರಸ್ತೆಯಲ್ಲಿ ಬೇಡ. ಈ ಜೀಪುಗಳಿಗೆ ಮಧ್ಯದಲ್ಲಿ ಡಿಫರೆನ್ಷಿಯಲ್ (ಮುಂದಿನ, ಹಿಂದಿನ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗಿಯರ್) ಇಲ್ಲ. ಗಟ್ಟಿ ರಸ್ತೆಯಲ್ಲಿ ಫೋರ್ ವ್ಹೀಲ್ ಹಾಕಿ ತಿರುಗಿಸಿದರೆ ಗಿಯರುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ನಿಮ್ಮ ಊರಿನ ಕಡೆ ನಾಲೆ ಏರಿಯ ಮಣ್ಣು ರಸ್ತೆಗೋ, ನೀರು ಹಾಯಿಸಿದ ಕಬ್ಬಿನ ಗದ್ದೆಯ ಅಂಚಿಗೋ ಒಯ್ಯಿರಿ. ಲೋ ಹಾಕಿ ಕೆಸರಿನಲ್ಲಿ ನಿಲ್ಲಿಸಿ ಎಳೆಸಿ. ಒಬ್ಬರು ಹೊರಗೆ ನಿಂತು ಮುಂದಿನ ಚಕ್ರ ನಿಜಕ್ಕೂ ಎಳೆಯುತ್ತಿದೆಯಾ ನೋಡಲಿ. ಇದು ಯಾಕೆ ಅಂದರೆ, ಟೂ ವ್ಹೀಲ್ ಗಾಡಿಗೆ ಗುಜರಿಯಿಂದ ಮುಂದಿನ ಆ್ಯಕ್ಸಲಿನ ಕವಚ (ಹೌಸಿಂಗ್) ತಂದು ಹಾಕಿ ಫೋರ್ ವ್ಹೀಲ್ ಅಂತ ಮಾರುವುದುಂಟು. ಒಳಗೆ ಶಾಫ್ಟೇ ಇರುವುದಿಲ್ಲ.

ಅಗಲ ಟೈರ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ನೋಡಲು ಗತ್ತು, ಸರಿ. ಆದರೆ ವ್ಹೀಲ್ ಬೇರಿಂಗ್, ಕಿಂಗ್ ಪಿನ್ (ಮುಂದಿನ ಚಕ್ರ ಎಡ-ಬಲ ತಿರುಗುವ ಪಿನ್), ಸ್ಟೀರಿಂಗ್ ಮೇಲೆ ಅದರ ಭಾರ ಬೀಳುತ್ತದೆ. ಒಂದು ಗುಂಡಿ ದಾಟಿದ ಮೇಲೆ ಸ್ಟೀರಿಂಗ್ ಗಡಗಡ ನಡುಗಿದರೆ ಅದೇ ಕಾರಣ ಇರಬಹುದು. ಪವರ್ ಸ್ಟೀರಿಂಗ್ ಹಾಕಿದ್ದು ಎಷ್ಟೋ ಸಲ ಆ ಟೈರಿನ ಭಾರ ಮುಚ್ಚಿಡಲಿಕ್ಕೆ. ಹಳೇ ಅಳತೆಯ ಟೈರಿಗೆ ವಾಪಸ್ ಬದಲಿಸಿ ಕೊಡಿ ಅಂತ ಕೇಳಿ, ಖರ್ಚೇನೂ ದೊಡ್ಡದಲ್ಲ.

ಈಗ ಮಾರುವವರು. ಮೊದಲೇ ಹೇಳಿ ಭಾನುವಾರ ಶೋರೂಂ ನೋಡುವುದಕ್ಕಿಂತ, ವಾರದ ನಡುವೆ ಹೇಳದೆ ಅವರ ಶೆಡ್ಡಿಗೆ ಹೋಗಿ. ಅರ್ಧ ಬಿಚ್ಚಿದ ಗಾಡಿಗಳನ್ನು ನೋಡಿ. ಪೇಂಟ್ ಮಾಡುವ ಮೊದಲು ಬರಿ ಚಾಸಿಯ ಫೋಟೊ ಇದೆಯಾ ಕೇಳಿ. ಪೂರ್ತಿ ಬಿಚ್ಚಿ ಕಟ್ಟುವವರು ಫೋಟೊ ತೆಗೆಯದೆ ಇರುವುದಿಲ್ಲ, ಅದು ಅವರಿಗೇ ಹೆಮ್ಮೆ. ಲೈನರ್, ಪಿಸ್ಟನ್, ಬೇರಿಂಗಿನ ಬಿಲ್ಲು, ಲೇತ್ ಕೆಲಸದ ಚೀಟಿ, ಪಂಪ್-ನಾಜಲ್ ಕ್ಯಾಲಿಬ್ರೇಷನ್ ರಸೀದಿ ಕೇಳಿ. ಇವು ಇದ್ದರೆ ಏಳೂವರೆ ಲಕ್ಷದ ಲೆಕ್ಕ ಕೂಡಿ ನೋಡಬಹುದು. ಇಲ್ಲದಿದ್ದರೆ ನೀವು ಕೊಡುತ್ತಿರುವುದು ಪೇಂಟಿಗೆ. ‘ಈ ಗಾಡಿಯಲ್ಲಿ ಏನು ಮಾಡಿಲ್ಲ?’ ಅಂತಲೂ ಕೇಳಿ. ಒಳ್ಳೆ ಮೇಸ್ತ್ರಿ ತಕ್ಷಣ ಎರಡು-ಮೂರು ವಿಷಯ ಹೇಳುತ್ತಾನೆ. ‘ಎಲ್ಲಾ ಮಾಡಿದ್ದೀವಿ, ಕಣ್ಣು ಮುಚ್ಚಿ ತಗೊಳ್ಳಿ’ ಅನ್ನುವವರ ಹತ್ತಿರ ನಾನಾದರೆ ಕಣ್ಣು ಇನ್ನೂ ಅಗಲ ತೆರೆಯುತ್ತೇನೆ.

ದುಡ್ಡಿನ ವಿಷಯ. ಎರಡು ಲಕ್ಷ ಮುಂಗಡ ಜಾಸ್ತಿ ಆಯಿತು. ಹತ್ತೋ ಇಪ್ಪತ್ತೋ ಸಾವಿರ ಬ್ಯಾಂಕ್ ಮೂಲಕ ಹಾಕಿ. ಕರಾರು ಪತ್ರದಲ್ಲಿ ಚಾಸಿ ನಂಬರ್, ಇಂಜಿನ್ ನಂಬರ್, ಮಾಡಿದ ಕೆಲಸದ ಪಟ್ಟಿ, ವಾರಂಟಿ ಎಷ್ಟು ತಿಂಗಳು ಎಲ್ಲ ಇರಲಿ. ರಿನ್ಯೂವಲ್ ಆಗದಿದ್ದರೆ ಹಣ ವಾಪಸ್ ಎಂಬ ಸಾಲನ್ನು ಮರೆಯಬೇಡಿ. ಬಾಕಿ ಹಣದಲ್ಲಿ ಒಂದು ಪಾಲು ಆರ್‌ಸಿ ನಿಮ್ಮ ಹೆಸರಿಗೆ ಬಂದ ಮೇಲೆ. ಗಾಡಿ ಪಡೆದ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿ, ಹಿಂದಿನ ದಂಡ ನಿಮ್ಮ ತಲೆಗೆ ಬರಬಾರದು. ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. ಮುಂದೆ ಜಗಳವಾದರೆ ಮೈಸೂರಿಗೆ ಅಲೆಯಬೇಕಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಮಂಡ್ಯ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಆದರೆ ಅಲ್ಲಿ ಮಾತಾಡುವುದು ಬಿಲ್ಲು, ಕರಾರು. ನಗದು ಕೊಟ್ಟು ಕೈ ಕುಲುಕಿದರೆ ತೋರಿಸಲು ಏನೂ ಇರುವುದಿಲ್ಲ.

‘ಇನ್ನು ಸ್ವಲ್ಪ ವರ್ಷಕ್ಕೆ ವಿಂಟೇಜ್ ಆಗುತ್ತೆ, ರೇಟು ಏರುತ್ತೆ’ ಅಂತಲೂ ಯಾರಾದರೂ ಹೇಳಬಹುದು. 2021ರ ನಿಯಮದಲ್ಲಿ ವಿಂಟೇಜ್ ಅಂದರೆ ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ನಿಮ್ಮದಕ್ಕೆ ಅದು 2041ರ ಮಾತು, ಡಿಐ ಇಂಜಿನ್ ಇದ್ದರೆ ಆಗಲೂ ಕಷ್ಟ. ವಿಂಟೇಜ್ ನಂಬರ್ ಸಿಕ್ಕರೂ ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿ ಅಂಥದ್ದಕ್ಕೆ ಮಾತ್ರ. ಆ ಆಸೆಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಅಪ್ಪನ ಮಾತಿಗೆ ಬರೋಣ. ಅವರು ಹೇಳಿದ್ದು ತಪ್ಪಲ್ಲ, ಜೀಪು ಟ್ರ್ಯಾಕ್ಟರ್ ಕೆಲಸ ಮಾಡುವುದಿಲ್ಲ. ಬೆಂಗಳೂರು ಎಕ್ಸ್‌ಪ್ರೆಸ್‌ವೇಯಲ್ಲಿ ಅರವತ್ತರ ಮೇಲೆ ಓಡಿಸಿದರೆ ಕಿವಿಗೂ ನೋವು, ಬೆನ್ನಿಗೂ ನೋವು. ತೋಟಕ್ಕೆ, ಮೇಲುಕೋಟೆಗೆ, ಮಳೆಗಾಲದಲ್ಲಿ ಗದ್ದೆ ಬದಿಗೆ ಅಂತಾದರೆ ಎಂಎಂ 540 ಒಳ್ಳೆಯ ಗಾಡಿ. ಕೊಂಡ ಮೊದಲ ವರ್ಷದ ರಿಪೇರಿಗೆ ಒಂದು ಲಕ್ಷ ಬೇರೆಯೇ ಎತ್ತಿಡಿ. ಅದನ್ನೂ ಸೇರಿಸಿದ ಲೆಕ್ಕವನ್ನೇ ಅಪ್ಪನಿಗೆ ಹೇಳಿ. ಬೆಟ್ಟಕ್ಕೆ ಒಯ್ಯುವ ದಿನ ಅವರನ್ನೂ ಕೂರಿಸಿಕೊಂಡು ಹೋಗಿ. ಹಳೇ ಗಾಡಿ ಓಡಿಸಿದ ತಲೆಮಾರಿನವರಿಗೆ ಇಂಜಿನ್ ಸದ್ದು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಸದ್ಯಕ್ಕೆ ಆರ್‌ಸಿಯ ಎರಡೂ ಬದಿಯ ಫೋಟೊ ತರಿಸಿಕೊಳ್ಳಿ. ಅದರಲ್ಲಿ ಸಿಸಿ, ಬಣ್ಣ, ವ್ಹೀಲ್‌ಬೇಸ್, ಮಾಲೀಕರ ಹೆಸರು ನೋಡಿ. ಸಿಸಿ ಜಾಗದಲ್ಲಿ 2112 ಅಂತಲೇ ಇದ್ದರೆ ‘ಹಳೇ ಇಂಜಿನ್ ಎಲ್ಲಿ?’ ಅಂತ ಕೇಳಿ. ಶೆಡ್ಡಿನ ಮೂಲೆಯಲ್ಲೇ ಬಿದ್ದಿದ್ದರೆ, ಅದನ್ನೇ ರಿಪೇರಿ ಮಾಡಿ ವಾಪಸ್ ಕೂರಿಸಿ, ಬಣ್ಣವನ್ನೂ ಆರ್‌ಸಿಯಂತೆ ಬದಲಿಸಿ ಕೊಡಲಿ. ಆಗ ಈ ಜೀಪು ತಗೊಳ್ಳಬಹುದು.